ತಣ್ಣಗಿನ ಪೈಪು ಸುಳ್ಳು ಹೇಳದು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಶೆಡ್ಡಿನ ಮುಂದೆ ಹಳೆಯ ಡೀಸೆಲ್ ಲಾರಿಯೊಂದು ರಾತ್ರಿಯೆಲ್ಲ ನಿಂತು ತಣ್ಣಗಾಗಿದೆ. ಅದರ ಪಕ್ಕದಲ್ಲಿ ಮೊಣಕಾಲೂರಿದ ಹೆಂಗಸು ಸೋಪಿನ ನೀರಿಗೆ ಬ್ರಷ್ ಅದ್ದಿ, ಹೊಗೆ ಪೈಪಿನ ಒಂದೊಂದು ಬೆಸುಗೆಗೂ ನೊರೆ ಬಳಿಯುತ್ತಿದ್ದಾರೆ.

ಡ್ರೈವರ್ ಸೀಟಿನಿಂದ ಅವರ ಮೈದುನ ತಲೆ ಹೊರಹಾಕುತ್ತಾನೆ. "ಅತ್ತಿಗೆ, ಲಾರಿಗೆ ಕ್ಷೌರ ಮಾಡ್ತಿದ್ದೀರೋ ಹೇಗೆ? ಅಲ್ಲಿ ಲೋಡು ಕಾಯ್ತಾ ಇದೆ."

"ನಿನ್ನ ನಾಲಿಗೆಗೂ ಸ್ವಲ್ಪ ಸೋಪು ಉಳಿಸಿದ್ದೀನಿ. ಸುಮ್ನೆ ಸ್ಟಾರ್ಟ್ ಮಾಡು."

ಲಾರಿಯವರ ಬಾಯಲ್ಲಿ ಇವರು 'ಸೈಲೆನ್ಸರ್ ಅಕ್ಕ'. ಹಳೆಯ ಲಾರಿಗಳ ಅಬ್ಬರ ಇಳಿಸುವುದು, ಕ್ಯಾಬಿನ್ನಿನೊಳಗೆ ಗುಂಯ್‌ಗುಡುವ ಸದ್ದು ಅಡಗಿಸುವುದು ಇವರ ಕಸುಬು. ದಿನಕ್ಕೆ ಎರಡು ಲಾರಿ, ಹೆಚ್ಚೆಂದರೆ ಮೂರು. ಯಾರೇ ಬಂದರೂ ಹಿಂದಿನ ಸಂಜೆಯೇ ಗಾಡಿ ತಂದು ನಿಲ್ಲಿಸಬೇಕು. "ಬಿಸಿಗೆ ಕಬ್ಬಿಣ ಉಬ್ಬುತ್ತೆ, ಬಿರುಕು ಮುಚ್ಕೊಳ್ಳುತ್ತೆ. ಬಿಸಿ ಪೈಪಿನ ಮಾತು ನಂಬಬಾರದು," ಎನ್ನುತ್ತಾರೆ. ಅದಕ್ಕೇ ಇವರ ಕೆಲಸ ಸೂರ್ಯನಿಗಿಂತ ಮೊದಲು ಶುರು.

ಇವತ್ತು ಅವರ ಮುಖದಲ್ಲಿ ನಗುವಿಲ್ಲ. ಮೊನ್ನೆ ಮನೆ ಮುಂದೆ ಲಾರಿ ನಿಲ್ಲಿಸಿದ ಮೈದುನ ಸ್ಟೇರಿಂಗಿಗೆ ಹಣೆಯಿಟ್ಟವನು ಏಳಲೇ ಇಲ್ಲ. ಅವನ ಹೆಂಡತಿ ಎಷ್ಟು ಕೂಗಿದರೂ ಓಗೊಡಲಿಲ್ಲ. ಕೆಳಗಿಳಿಸಿ ಗಾಳಿಗೆ ಕೂರಿಸಿದ ಮೇಲೆ ಕಣ್ಣು ಬಿಟ್ಟ. ಸದ್ದಿನಿಂದಲೇ ತಲೆ ಕೆಟ್ಟಿದೆ ಎಂಬುದು ಅವನ ವಾದ. ಕ್ಯಾಬಿನ್ನಿಗೆ ಸದ್ದು ಹೀರುವ ದಪ್ಪ ಫೆಲ್ಟ್ ಬಟ್ಟೆ ಹೊದಿಸಿ ಕಳಿಸಿದರೆ ಸಾಕಂತೆ. ಅಕ್ಕನ ಅನುಮಾನ ಬೇರೆ. ಹೊಗೆ ಎಲ್ಲಿಂದಲೋ ಒಳಗೆ ನುಗ್ಗುತ್ತಿದೆ. ಹಾಗಿದ್ದರೆ ಫೆಲ್ಟ್ ಹೊದಿಸುವುದೆಂದರೆ ಅವನನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದ ಹಾಗೆ.

ಎಂಜಿನ್ ಗುಡುಗುತ್ತದೆ. ಅಕ್ಕ ಪೈಪಿನ ತುದಿಗೆ ಒದ್ದೆ ಬಟ್ಟೆ ಒತ್ತಿ ಹಿಡಿದು, ಒಳಗಿನ ಒತ್ತಡ ಏರಿಸುತ್ತಾರೆ. ಎಲ್ಲಿ ಸೋರಿದರೂ ಅಲ್ಲಿ ಗುಳ್ಳೆ ಏಳಬೇಕು. ಒಂದೂ ಏಳುವುದಿಲ್ಲ.

"ನೋಡಿದ್ರಾ? ನಾನು ಹೇಳ್ಲಿಲ್ವಾ?" ಮೈದುನನ ಫೋನು ಮತ್ತೆ ಬಡಿದುಕೊಳ್ಳುತ್ತದೆ. ಇನ್ನು ತಡವಾದರೆ ಲೋಡು ಬೇರೆಯವರ ಪಾಲು.

ಅಕ್ಕ ನೊರೆಯಿಂದ ಕಣ್ಣು ತೆಗೆಯುವುದಿಲ್ಲ. ಅವರು ಈ ಕೆಲಸಕ್ಕೆ ಬಂದದ್ದೇ ಗುಳ್ಳೆ ನೋಡಲು. ಶೆಡ್ಡಿನ ಹಿಂದಿನ ಯಜಮಾನನಿಗೆ ವೆಲ್ಡಿಂಗ್ ಬೆಳಕಿನಿಂದ ಕಣ್ಣು ಮಂಜಾಗಿತ್ತು. ಗಂಡನ ಲಾರಿ ರಿಪೇರಿಗೆ ಜೊತೆಯಲ್ಲಿ ಬಂದಿದ್ದ ಇವರನ್ನು ಕರೆದು, "ಎಲ್ಲಿ ನೊರೆ ಏಳುತ್ತೆ, ಹೇಳಮ್ಮ" ಎಂದಿದ್ದ. ಹೇಳುತ್ತ ಹೇಳುತ್ತ ಬೆಸುಗೆಯೂ ಕೈಗೆ ಹತ್ತಿತು. ಮುಂಗೈ ತುಂಬ ಕಿಡಿ ಸುಟ್ಟ ಚುಕ್ಕೆಗಳು. ಹೆಂಗಸು ಕೆಳಗೆ ನುಸುಳಿದರೆ ಲಾರಿ ನಾಚಿಕೊಳ್ಳುತ್ತೆ ಎಂದು ಡ್ರೈವರುಗಳು ಕಿಚಾಯಿಸುತ್ತಿದ್ದರಂತೆ. "ನಾಚಿಕೊಂಡ್ರೆ ಒಳ್ಳೇದೇ, ಬಾಯಿ ಮುಚ್ಕೊಂಡು ಓಡುತ್ತೆ, ಅಂತಿದ್ದೆ." ಲಾರಿ ಓಡಿಸಿ ಕಿವಿ ಮಂದವಾದ ಗಂಡ ಈಗ ಇದೇ ಶೆಡ್ಡಿನಲ್ಲಿ ಪೈಪು ಬಗ್ಗಿಸಿ ಕೊಡುತ್ತಾರೆ. ಗಂಡ ಹೆಂಡಿರ ನಡುವೆ ಮಾತು ಕಡಿಮೆ, ಕೈಸನ್ನೆಯೇ ಹೆಚ್ಚು.

ಈಗಲೂ ಅಕ್ಕ ಎರಡು ಬೆರಳೆತ್ತುತ್ತಾರೆ. ಗಂಡ ಮರದ ದಿಮ್ಮಿಗಳನ್ನು ತಂದು ಚಕ್ರಗಳ ಹಿಂದೆ ಮುಂದೆ ಬಿಗಿಯುತ್ತಾರೆ. ಸುಮ್ಮನೆ ನಿಂತಾಗ ಮುಚ್ಚಿರುವ ಬಿರುಕು ಭಾರ ಎಳೆಯುವಾಗ ಬಾಯಿ ಬಿಡುತ್ತದೆಯೇ ಎಂದು ಅಕ್ಕ ನೋಡಬೇಕು.

"ಬ್ರೇಕ್ ಒತ್ತಿ ಹಿಡಿ. ಗೇರ್ ಹಾಕು. ಕ್ಲಚ್ ಒಂಚೂರೇ ಬಿಡು, ಗಾಡಿ ಅಲುಗಬಾರದು."

"ಅತ್ತಿಗೆ, ಗಾಡಿ ಮುಂದೆ ಹಾರಿದ್ರೆ?"

"ಹಾರಿದ್ರೆ ನಿಮ್ಮಣ್ಣಂಗೆ ನೀನೇ ಉತ್ತರ ಹೇಳು."

ಕ್ಲಚ್ ಹಿಡಿಯುತ್ತದೆ. ಭಾರ ಎಳೆಯುವಾಗ ತಿರುಚಿಕೊಳ್ಳುವಂತೆ ಎಂಜಿನ್ ಒಂದು ಪಕ್ಕಕ್ಕೆ ವಾಲುತ್ತದೆ. ಅಕ್ಕ ಚಕ್ರದ ಮರೆಯಿಂದ ಟಾರ್ಚ್ ಬಿಡುತ್ತಾರೆ. ಎಂಜಿನ್ನಿಗೂ ಸೈಲೆನ್ಸರಿಗೂ ನಡುವೆ ಬಾಗಿ ಬಳುಕುವ ಮಡಿಕೆ ಪೈಪಿನ ಬೆನ್ನಿನಲ್ಲಿ ನೊರೆ ಒಮ್ಮೆಗೇ ಉಬ್ಬಿ ಒಡೆಯುತ್ತದೆ. ಮತ್ತೆ ಉಬ್ಬುತ್ತದೆ.

"ಆಫ್ ಮಾಡು!"

ಬಿರುಕಿನ ಸ್ವಲ್ಪ ಹಿಂದೆ ಪೈಪನ್ನು ಲಾರಿಯ ಅಡಿಚೌಕಟ್ಟಾದ ಚಾಸಿಗೆ ಜಗ್ಗಿ ಕಟ್ಟಿದ ದಪ್ಪ ತಂತಿ. ಪೈಪನ್ನು ತೂಗುಹಾಕುವ ರಬ್ಬರುಗಳು ಮಾಯ.

"ಯಾರು ಕಟ್ಟಿದ್ದು?"

ಮೈದುನ ಕೆಳಗಿಳಿದು ತಂತಿಯನ್ನೇ ನೋಡುತ್ತಾನೆ. "ನಾನೇ. ರಬ್ಬರ್ ಹರಿದು ಪೈಪು ಅಲ್ಲಾಡ್ತಿತ್ತು. ಬಿಗಿಯಾಗಿ ಕಟ್ಟಿದ್ರೆ ಸದ್ದು ನಿಲ್ಲುತ್ತೆ ಅಂದ್ಕೊಂಡೆ."

ಆಗಿದ್ದು ತಿರುಗಾಮುರುಗ. ಅಲುಗಾಡಲು ಜಾಗವಿಲ್ಲದ ಪೈಪು ತನ್ನ ನಡುಕವನ್ನೆಲ್ಲ ಚಾಸಿಗೆ, ಚಾಸಿಯಿಂದ ಕ್ಯಾಬಿನ್ನಿಗೆ ದಾಟಿಸಿದೆ. ಗುಂಯ್ ಎನ್ನುವುದು ಹೆಚ್ಚಾಗಿದೆ. ಎಂಜಿನ್ ವಾಲಿದಾಗಲೆಲ್ಲ ಮಡಿಕೆ ಪೈಪು ಜಗ್ಗಿ ಸೀಳಿದೆ. ಅಕ್ಕ ಕ್ಯಾಬಿನ್ ಹತ್ತುತ್ತಾರೆ. ಗೇರ್ ಬುಡದ ರಬ್ಬರ್ ಹರಿದು ಕೆಳಗಿನ ಮಣ್ಣು ಕಾಣುತ್ತಿದೆ. ಕಿಟಕಿಯ ಸಂದಿಗೆಲ್ಲ, ಸದ್ದು ಬರದಿರಲೆಂದು, ಇವನೇ ಚಿಂದಿ ತುರುಕಿದ್ದಾನೆ. ಕೆಳಗಿಂದ ಬಂದ ಹೊಗೆಗೆ ಹೊರಹೋಗಲು ದಾರಿಯೇ ಇಲ್ಲ.

ಅಕ್ಕ ಚಿಂದಿಯನ್ನು ಒಂದೊಂದಾಗಿ ಕಿತ್ತು ಕೆಳಗೆಸೆಯುತ್ತಾರೆ. ಫೋನು ಬಡಿದುಕೊಳ್ಳುತ್ತದೆ. ಈ ಸಲ ಮೈದುನನೇ ಎತ್ತಿಕೊಂಡು, "ಲೋಡು ಬೇರೆಯವರಿಗೆ ಕೊಡಿ," ಎನ್ನುತ್ತಾನೆ.

ಮಡಿಕೆ ಪೈಪು ಬದಲಾಗುತ್ತದೆ. ಪೈಪು ಹೊಸ ರಬ್ಬರಿನಲ್ಲಿ ತೂಗುತ್ತದೆ. ಒಳಗಿನ ತಗಡು ತುಕ್ಕು ಹಿಡಿದ ಸೈಲೆನ್ಸರ್ ಹೋಗಿ ಇನ್ನೊಂದು ಬರುತ್ತದೆ. ಗೇರಿನ ಬುಡ ಮುಚ್ಚಿ, ನೊರೆ ಬಳಿದು ಮತ್ತೊಮ್ಮೆ ಎಂಜಿನ್ ವಾಲಿಸಿ ನೋಡಿದ ಮೇಲೆಯೇ ಕ್ಯಾಬಿನ್ನಿನ ನೆಲಕ್ಕೆ ಫೆಲ್ಟ್.

ಮಧ್ಯಾಹ್ನ ಅಕ್ಕ ತಾವೇ ಪಕ್ಕದ ಸೀಟಿನಲ್ಲಿ ಕುಳಿತು ಏರುದಾರಿಯಲ್ಲಿ ಹೋಗಿ ಬರುತ್ತಾರೆ. ದಾರಿಯುದ್ದಕ್ಕೂ ನೋಡಿದ್ದು ರಸ್ತೆಯನ್ನಲ್ಲ, ಮೈದುನನ ಕಣ್ಣುಗಳನ್ನು.

"ತಲೆ ಹಗುರ ಇದೆ ಅತ್ತಿಗೆ. ಪಿಸುಗುಟ್ಟಿದ್ರೂ ಕೇಳಿಸುತ್ತೆ."

"ಈಗ್ಲೇ ಹೊಗಳಬೇಡ. ದೂರ ಹೋಗಿ ಬಾ, ಆಮೇಲೆ ಹೇಳು."

ಲಾರಿ ಬೀದಿಯ ತಿರುವು ದಾಟುತ್ತದೆ. ಅಕ್ಕ ಕೈ ಒರೆಸಿಕೊಳ್ಳುತ್ತ ಅತ್ತಲೇ ನೋಡುತ್ತ ನಿಂತಿದ್ದಾರೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಹೇಳುತ್ತಾರೆ: "ದೊಡ್ಡ ಶೆಡ್ಡು, ಬೋರ್ಡು ಏನೂ ಬೇಡ. ನನ್ನ ಕೈಯಿಂದ ಹೋದ ಡ್ರೈವರು ವಾಪಸ್ ಬಂದು, ಸದ್ದು ಇನ್ನೂ ಇದೆ, ನಿಮ್ಮ ಕೆಲಸ ಸರಿಯಿಲ್ಲ ಅಂತ ಜಗಳ ಆಡ್ಲಿ ಬೇಕಾದ್ರೆ. ಬರ್ಬೇಕು, ಅಷ್ಟೇ."