ಮನೆಯಲ್ಲಿಡಲಾಗದ ಅಳು

ಗೋಕಾಕದಿಂದ ಕುಲಗೋಡಕ್ಕೆ ಹೋಗುವ ಬಸ್ಸಿನ ಕಂಡಕ್ಟರನಿಗೆ ಯಾವ ಊರಲ್ಲಿ ಸಾವಾಗಿದೆ ಎಂಬುದು ಬೇಗ ತಿಳಿಯುತ್ತದೆ. ನಾಲ್ಕು ಹೆಣ್ಣುಮಕ್ಕಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಹತ್ತಿ, ಯಾವ ಸೀಟೆಂದೂ ನೋಡದೆ ಕೂತರೆ ಸಾಕು. ಕಿಶೋರ ಇಪ್ಪತ್ತು ವರ್ಷ ಆ ದಾರಿಯಲ್ಲಿ ಓಡಾಡಿದ. ಅಂಥವರನ್ನು ಅವನು ಎಲ್ಲಿಗೆ ಎಂದು ಎರಡು ಸಲ ಕೇಳುತ್ತಿರಲಿಲ್ಲ. ಡ್ಯೂಟಿ ಮುಗಿದ ಮೇಲೆ ತಾನೂ ಅದೇ ಊರಿಗೆ ಹೋಗುತ್ತಿದ್ದ. ಚೀಲದಲ್ಲಿ ಅಂಗೈಯಗಲದ ಒಂದು ರೆಕಾರ್ಡರು ಇರುತ್ತಿತ್ತು.

ಸತ್ತವರ ಮುಂದೆ ಕೂತು ಹೆಣ್ಣುಮಕ್ಕಳು ಹಾಡಿಕೊಂಡು ಅಳುತ್ತಾರಲ್ಲ, ಆ ಹಾಡನ್ನು ಅವನು ಹಿಡಿದಿಡುತ್ತಿದ್ದ. ಯಾರೂ ಬರೆದದ್ದಲ್ಲ, ಕಲಿಸಿದ್ದೂ ಅಲ್ಲ. ಮನೆಯವರನ್ನು ಕೇಳದೆ ಅವನು ಎಂದೂ ರೆಕಾರ್ಡರು ಹಚ್ಚಲಿಲ್ಲ. ಬೇಡವೆಂದರೆ ಸುಮ್ಮನೆ ಕೂತು, ಮಣ್ಣು ಕೊಟ್ಟು ಬರುತ್ತಿದ್ದ. ಹೂಂ ಎಂದರೆ ಮೊದಲು ತನ್ನ ದನಿಯಲ್ಲಿ ಊರು, ತೀರಿಕೊಂಡವರು, ಹಾಡುವವರು ಎಂದು ಮೂರು ಹೆಸರು ಹೇಳುತ್ತಿದ್ದ. ಬಸ್ಸಿನಲ್ಲಿ ಸ್ಟಾಪು ಕೂಗುವ ದನಿಯೇ, ಸ್ವಲ್ಪ ತಗ್ಗಿಸಿದ್ದು. ಹಾಗೆ ಇನ್ನೂರಾ ಹದಿನಾಲ್ಕು ಅಳು ಕೂಡಿದವು.

ಅವುಗಳಿಗೊಂದು ಪೆಟ್ಟಿಗೆ ಮಾಡಿಕೊಟ್ಟವನು ಬಸವಲಿಂಗ. ಗೋಕಾಕದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು, ಕಿಶೋರನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಹಳೆಯ ಸರ್ವರೊಂದನ್ನು ತಂದು ಅದರೊಳಗೆ ನಾಲ್ಕು ಡಿಸ್ಕು ಕೂಡಿಸಿದ.

“ನಾಲ್ಕರಾಗ ಒಂದ್ ಕೆಟ್ರೂ ಉಳದ ಮೂರು ಹೊತ್ತಕೊಂಡ್ ಹೋಗ್ತಾವ ನೋಡ್ಲೇ,” ಎಂದ.

“ಹೆಣಾ ಹೊತ್ತಂಗೇನು?”

“ಹೌದಲೇ. ಅದಕ್ಕೂ ನಾಲ್ಕ ಮಂದಿನ ಬೇಕಲ್ಲ!”

ಧುಪದಾಳದ ಮನೆಯಲ್ಲಿ ಕಿಶೋರನ ತಾಯಿ ಉದ್ದವ್ವ ಬಾಗಿಲಿಗೆ ಅಡ್ಡ ನಿಂತಳು. “ಸತ್ತ ಮನಿ ಅಳು ಬಾಳೇ ಮಾಡೋ ಮನ್ಯಾಗ ಬ್ಯಾಡ.” ಗೋಡೆಯ ಮೇಲೆ ಬುದ್ಧನ ಫೋಟೊ ಇತ್ತು. ಅದನ್ನು ತೋರಿಸಿ ಕಿಶೋರ, “ಇವರು ಹಿಂಗ ಹೇಳ್ಯಾರೇನಬೇ?” ಎಂದ. “ಅವ್ರು ಮನಿ ಬಿಟ್ಟ ಹೋದಾವ್ರು. ನಾ ಮನ್ಯಾಗ ಇರಾಕಿ,” ಎಂದಳು ಉದ್ದವ್ವ. ಪೆಟ್ಟಿಗೆ ಹಿತ್ತಲಿನ ದನದ ಕೊಟ್ಟಿಗೆಗೆ ಹೋಯಿತು. ಅಲ್ಲಿ ಜೋಳದ ಕಣಿಕೆಯ ಧೂಳು, ಎಮ್ಮೆಯ ಉಸಿರು, ಮಳೆಗಾಲದ ತಂಪು.

ಒಂದು ದಿನ ಕಿಶೋರ ಅಂಗಡಿಗೆ ಬಂದು, ಎಲ್ಲದರ ನಕಲೊಂದು ನಿನ್ನ ಹತ್ತಿರ ಇರಲಿ ಎಂದು ಕೇಳಿದ. ಬಸವಲಿಂಗ ಕೊರಳಲ್ಲಿ ಲಿಂಗ ಕಟ್ಟಿದವನು. ಬಸವಣ್ಣನವರ ದಾರಿಯಲ್ಲಿ ಶಕುನವಿಲ್ಲ, ಸೂತಕವಿಲ್ಲ ಎಂದು ಗಿರಾಕಿಗಳಿಗೆ ಭಾಷಣ ಮಾಡುವವನು. ಆ ದಿನ ಮಾತ್ರ ಅವನ ನಾಲಿಗೆ ಬೇರೆಯದೇ ಆಡಿತು.

“ಶೋಭಾ ಒಪ್ಪೂದಿಲ್ಲೋ ದೋಸ್ತ.”

ಹೆಂಡತಿಯನ್ನು ಅವನು ಕೇಳಿರಲೇ ಇಲ್ಲ.

“ಇರ್ಲಿ ಬಿಡು. ನಾಲ್ಕ ಮಂದಿ ಹೊತ್ತಾರಲ್ಲ,” ಎಂದು ಕಿಶೋರ ಚಹಾ ಕುಡಿದು ಹೋದ.

ಕುಲಗೋಡದ ಮುದಕವ್ವ ವರ್ಷಕ್ಕೊಮ್ಮೆ ಆ ಕೊಟ್ಟಿಗೆಗೆ ಬರುತ್ತಿದ್ದಳು. ಅವಳ ಒಬ್ಬನೇ ಮಗ ಅಲ್ಲಪ್ಪ ತೀರಿಕೊಂಡಾಗ ಅವಳು ಅತ್ತದ್ದೇ ಕಿಶೋರ ಹಿಡಿದ ಮೊದಲ ಅಳು. ಮಗ ಹೋದ ದಿನಕ್ಕೆ ಸರಿಯಾಗಿ ಬಸ್ಸು ಹತ್ತಿ ಬಂದು, ಗೋದಲಿಯ ಕಟ್ಟೆಯ ಮೇಲೆ ಕೂತು ಅದನ್ನು ಕೇಳುತ್ತಿದ್ದಳು. ಅಳುತ್ತಿರಲಿಲ್ಲ. ಮುಗಿದ ಮೇಲೆ, “ಹ್ಞೂ, ಖರೆ ಅಂದೀನಿ,” ಎಂದು ಎದ್ದು ಹೋಗುತ್ತಿದ್ದಳು.

ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಪೆಟ್ಟಿಗೆ ನಿಂತುಹೋಯಿತು. ಡಿಸ್ಕುಗಳು ನಾಲ್ಕೂ ಗಟ್ಟಿಯಾಗಿದ್ದವು. ಸತ್ತದ್ದು ಕಂಟ್ರೋಲರ್ ಕಾರ್ಡು. ಒಂದೊಂದು ಹಾಡೂ ತುಣುಕು ತುಣುಕಾಗಿ ನಾಲ್ಕು ಡಿಸ್ಕುಗಳಲ್ಲಿ ಹಂಚಿಹೋಗಿರುತ್ತದೆ. ಅವುಗಳನ್ನು ಜೋಡಿಸಿ ಕೊಡುವುದು ಆ ಕಾರ್ಡಿನ ಕೆಲಸ. ಅಂಥದ್ದು ಈಗ ತಯಾರಾಗುತ್ತಿರಲಿಲ್ಲ. ಬಸವಲಿಂಗ ಸಂಕೇಶ್ವರದ ವ್ಯಾಪಾರಿಯೊಬ್ಬನಿಗೆ ಹೇಳಿ, ಕೊಲ್ಹಾಪುರದಿಂದ ಯಾರೋ ಬಳಸಿ ಬಿಟ್ಟ ಕಾರ್ಡು ತರಿಸಿದ.

ಹೊಸ ಕಾರ್ಡು ಹಾಕಿ ಶುರು ಮಾಡಿದಾಗ ಪರದೆಯ ಮೇಲೆ ಒಂದು ಪ್ರಶ್ನೆ ಬಂತು.

“ಏನ್ ಕೇಳಾಕತ್ತೈತಿ?” ಎಂದ ಕಿಶೋರ.

“ಈ ಕಾರ್ಡಿನ್ಯಾಗ ಹಿಂದಿನ ಮಾಲಕನ ಡಿಸ್ಕಿಂದು ಲೆಕ್ಕಾ ಉಳದೈತಿ. ನಿನ್ನ ಡಿಸ್ಕಿನ್ಯಾಗ ನಿನ್ನ ಲೆಕ್ಕಾ ಐತಿ. ಯಾವುದನ್ನ ನಂಬಲಿ ಅಂತ ಕೇಳ್ತೈತಿ.”

“ನಮ್ಮದನ್ನ ನಂಬು ಅನ್ನು.”

ಬಸವಲಿಂಗನಿಗೆ ಅದು ಗೊತ್ತಿತ್ತು. ಅವನು ಬಲ್ಲ ಕಾರ್ಡುಗಳಲ್ಲೆಲ್ಲ ಮೊದಲ ಸಾಲು ಡಿಸ್ಕಿನದಾಗಿರುತ್ತಿತ್ತು. ಇದರಲ್ಲಿ ಅದು ಎರಡನೆಯದಾಗಿತ್ತು. ಓದದೆ, ರೂಢಿಯ ಮೇಲೆ ಮೊದಲ ಸಾಲು ಒತ್ತಿದ. ನಾಲ್ಕೂ ದೀಪ ಹಸಿರಾಗಿ ಮಿಣುಕತೊಡಗಿದವು. ಪರದೆಯ ಮೇಲೆ ನೂರಕ್ಕಿಷ್ಟು ಎಂದು ಅಂಕಿ ಏರತೊಡಗಿತು.

“ಜೋಡಿಸಿಕೊಳ್ಳಾಕತ್ತೈತಿ,” ಎಂದ ಬಸವಲಿಂಗ.

ಕಿಶೋರ ಎರಡೂ ಕೈಯಿಂದ ಅವನ ತಲೆ ಹಿಡಿದು ಅಲುಗಾಡಿಸಿದ. ಇಬ್ಬರೂ ಒಳಗೆ ಹೋಗಿ ಅವಲಕ್ಕಿ ತಿಂದರು. ಕಿಶೋರನ ಹೆಂಡತಿ ಸುಮನ ಎರಡು ಸಲ ಚಹಾ ಕೊಟ್ಟಳು. ತಿರುಗಿ ಬಂದಾಗ ತೊಂಬತ್ತನಾಲ್ಕು ಆಗಿತ್ತು. ಆಗ ಬಸವಲಿಂಗ ಅಂಕಿಯ ಮೇಲಿನ ಸಾಲು ಓದಿದ. ಅದು ಜೋಡಿಸುತ್ತಿರಲಿಲ್ಲ, ಹಿಂದಿನ ಮಾಲಕನ ಲೆಕ್ಕಕ್ಕೆ ಹೊಂದಿಸಲು ಎಲ್ಲವನ್ನೂ ಅಳಿಸುತ್ತಿತ್ತು. ವೈರು ಕಿತ್ತು ಎಸೆದ. ಎಮ್ಮೆ ಬೆಚ್ಚಿ ಎದ್ದು ನಿಂತಿತು.

ಕಿಶೋರ ಕಿತ್ತ ವೈರನ್ನು ಎತ್ತಿ ಸುತ್ತಿಟ್ಟ. ಆಮೇಲೆ ಕೇಳಿದ್ದು ಒಂದೇ ಮಾತು: “ಕುಲಗೋಡದ ಆಯಿಗೆ ಹೆಂಗ ಹೇಳೂದೋ?”

ಪುಣೆಯ ಅಂಗಡಿಯೊಂದಕ್ಕೆ ಡಿಸ್ಕು ಕಳಿಸಿದರು. ಮೂರು ತಿಂಗಳ ಮೇಲೆ ಆರು ತುಣುಕು ಬಂದವು. ಐದರಲ್ಲಿ ಬರೀ ಗರಗರ. ಆರನೆಯದರಲ್ಲಿ ಕಿಶೋರನದೇ ದನಿ: “ಊರು ಕುಲಗೋಡ. ತೀರಿಕೊಂಡವರು ಅಲ್ಲಪ್ಪ. ಹಾಡುವವರು ಅವರ ತಾಯಿ ಮುದಕವ್ವ.” ಅಲ್ಲಿಗೆ ನಿಂತಿತು.

“ಅಳಿಸಿಬಿಡು,” ಎಂದ ಕಿಶೋರ.

“ಇರ್ಲಿ ಬಿಡೋ.”

“ನನ್ನ ದನಿ ತಗೊಂಡ ಯಾರಿಗೇನ ಮಾಡೂದೈತಿ? ಅಳಿಸಲೇ.”

ಆ ಸಲ ಬಸವಲಿಂಗ ಪರದೆಯ ಮೇಲಿನ ಪ್ರತಿ ಸಾಲನ್ನೂ ಓದಿ, ಸರಿಯಾದ ಗುಂಡಿಯನ್ನೇ ಒತ್ತಿ ಅಳಿಸಿದ.

ಕುಲಗೋಡಕ್ಕೆ ಇಬ್ಬರೂ ಹೋದರು. ಮುದಕವ್ವ ಹೊರಸಿನ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. “ಮಿಷನ್ನೂ ಸಾಯ್ತಾವಲ್ಲೋ ಯಪ್ಪಾ,” ಎಂದಳು.

“ಇನ್ನೊಮ್ಮೆ ಹಾಡ್ತೀಯೇನ ಆಯಿ? ನಿನಗಂತನ ಇಟ್ಟ ಕೊಡ್ತೀನಿ,” ಎಂದ ಕಿಶೋರ.

“ಮುಂದ ಹೆಣಾ ಇಲ್ಲದ ಹಾಡಿ ಅಳಬಾರದು. ಇನ್ನೊಬ್ಬರ ಸಾವನ್ನ ಕರದಂಗ ಅದು. ಮ್ಯಾಲಾಗಿ, ಅವತ್ತ ಏನ್ ಅಂದೀನಿ ನನಗೇನ ಗೊತ್ತು? ನೀ ಹಚ್ಚಿದಾಗ ಕೇಳಿನ ನಾ ತಿಳಕೊಂತಿದ್ನಿ.”

“ಹಂಗಾರ ನಾ ಸತ್ತಾಗ ಹಾಡು.”

ಅವಳು ಅವನ ಬೆನ್ನಿಗೆ ಒಂದು ಬಿಗಿದಳು. “ಹುಚ್ಚ ಖೋಡಿ! ನನಗ ಎಂಬತ್ತಾತು. ನೀ ನನ್ನ ಹೊರಬೇಕ.”

ಆಮೇಲೆ ಕಿಶೋರ ಸಾವಿನ ಮನೆಗಳಿಗೆ ರೆಕಾರ್ಡರು ಒಯ್ಯಲಿಲ್ಲ. ಬಸವಲಿಂಗ ಹೊಸ ಪೆಟ್ಟಿಗೆ ಮಾಡಿಕೊಡುತ್ತೇನೆಂದ, ಬೈಯಿ ಎಂದ, ಹೊಡಿ ಎಂದ. ಕಿಶೋರ ಎರಡನ್ನೂ ಮಾಡಲಿಲ್ಲ. ಅಂಗಡಿಗೆ ಬರುವುದನ್ನೂ ಬಿಡಲಿಲ್ಲ. ಚಹಾ ಕುಡಿಯುತ್ತಿದ್ದ, ಹೋಗುತ್ತಿದ್ದ.

ಹದಿನಾಲ್ಕು ತಿಂಗಳ ಮೇಲೆ, ಒಂದು ಬೆಳಿಗ್ಗೆ, ಕುಲಗೋಡದ ಬಸ್ಸಿನಲ್ಲಿ ಟಿಕೆಟ್ ಮಷಿನ್ ಕೈಯಲ್ಲಿರುವಾಗಲೇ ಅವನ ಎದೆ ನಿಂತಿತು. ನಲವತ್ತಾರು ವರ್ಷ.

ಮನೆಯಂಗಳದಲ್ಲಿ ಅವನನ್ನು ಮಲಗಿಸಿ ಬುದ್ಧವಂದನೆ ಹೇಳಿ ಮುಗಿದ ಮೇಲೆ ಮುದಕವ್ವ ಬಂದಳು. ಬಂದವಳೇ ಅವನ ಕಾಲ ಹತ್ತಿರ ಕೂತು ದನಿ ತೆಗೆದಳು. ಬಸವಲಿಂಗನ ಕೈ ಜೇಬಿನ ಫೋನಿನ ಮೇಲಿತ್ತು. ಆದರೆ ಕೇಳದೆ ಹಚ್ಚಬಾರದು ಎಂಬುದು ಸತ್ತವನ ನೇಮ. ಯಾರನ್ನು ಕೇಳುವುದು? ಉದ್ದವ್ವ ಮಗನ ಎದೆಯ ಮೇಲೆ ತಲೆ ಇಟ್ಟಿದ್ದಳು. ಸುಮನಳ ಕಣ್ಣು ಯಾರ ಮೇಲೂ ಇರಲಿಲ್ಲ. ಅವನು ಫೋನು ಬಿಟ್ಟು ಕೈ ಹೊರಗೆ ತೆಗೆದ. ಹಾಡು ಮುಗಿಯಿತು. ಅವನಿಗೆ ಈಗ ನೆನಪಿರುವುದು ಒಂದೇ ಸಾಲು: “ಊರೂರ ಅಳು ಹೊತ್ತಾಂವಾ, ನಿನ್ನ ಅಳು ಎಲ್ಲಿಡಲೋ.” ಅದೂ ಹೀಗೇ ಇತ್ತೋ ಇಲ್ಲವೋ, ಖಾತ್ರಿಯಿಲ್ಲ.

ಬಸ್ಸಿನಲ್ಲಿ ಗೋಕಾಕಕ್ಕೆ ತಿರುಗಿ ಬರುವಾಗ ಶೋಭಾ ಕಿಟಕಿಯ ಕಡೆ ನೋಡುತ್ತ, “ನಕಲು ಇಡಾಕ ನಾ ಒಪ್ಪಲಿಲ್ಲಂತ. ಸುಮನ ಅಂದ್ಲು. ನನ್ನ ಯಾವಾಗ ಕೇಳಿದ್ರಿ?” ಎಂದಳು.

ವಾರದ ಮೇಲೆ ಧುಪದಾಳಕ್ಕೆ ಹೋದಾಗ ಸುಮನ ಅವನನ್ನು ಕೊಟ್ಟಿಗೆಗೆ ಕರೆದೊಯ್ದಳು. ಪೆಟ್ಟಿಗೆಯ ಮೇಲಿನ ಧೂಳನ್ನು ಅವಳಾಗಲೇ ಒರೆಸಿದ್ದಳು.

“ಅಣ್ಣಾ, ಫೋನಿನ್ಯಾಗ ಅವರ ಫೋಟೊ ಅದಾವು. ದನಿ ಇಲ್ಲ. ಇದರಾಗ ಎಲ್ಲೆರ ಒಂದಿಷ್ಟ ಅವರ ದನಿ ಇದ್ದೀತೇನ್ರಿ?”

“ಇಲ್ಲ ತಂಗಿ,” ಎಂದ ಬಸವಲಿಂಗ. ಪುಣೆಯಿಂದ ಬಂದ ತುಣುಕಿನಲ್ಲಿ ಇತ್ತು ಎಂದು ಹೇಳಲಿಲ್ಲ.

ಬಾಗಿಲಲ್ಲಿ ಉದ್ದವ್ವ ನಿಂತಿದ್ದಳು. ಅವಳಿಗೆ ಕೇಳಿಸಿತೋ ಇಲ್ಲವೋ. ಬಾಗಿ ಪೆಟ್ಟಿಗೆಯ ಒಂದು ತುದಿ ಹಿಡಿದಳು.

“ಇಲ್ಲಿ ಬ್ಯಾಡ. ಹಿಡೀ ಆ ಕಡೆ. ಮನಿ ಒಳಗ ಇಡೂಣು.”

ಅವನು ಹಿಡಿದ. ಉದ್ದವ್ವ ಎರಡು ಕಡೆ ನಿಂತು ದಣಿವಾರಿಸಿಕೊಂಡಳು. ಬುದ್ಧನ ಫೋಟೊದ ಕೆಳಗೆ ಜಾಗ ಮಾಡಿ ಪೆಟ್ಟಿಗೆಯನ್ನು ಇಟ್ಟರು.