ಏರಿನ ತುದಿಯ ಬೀಡಿ

ಮೊನ್ನೆ ಹಲಸೂರಿನಿಂದ ಮನೆಗೆ ಬರಲು ಆಟೋ ಹತ್ತಿದೆ. ಡ್ರೈವರನ ಕಿವಿಯ ಹಿಂದೆ ಹಚ್ಚದ ಬೀಡಿಯೊಂದಿತ್ತು. ಅದರ ಘಾಟು ಹಿಂದಿನ ಸೀಟಿನವರೆಗೂ ಬಂತು. ಹೊಗೆಸೊಪ್ಪೆಂದರೆ ಮೂಗು ಮುರಿಯುವ ನಾನು ಮೊನ್ನೆ ಮಾತ್ರ ಆ ಕಿವಿಯನ್ನೇ ನೋಡುತ್ತಾ ಕೂತೆ. ಐವತ್ತು ವರ್ಷಗಳ ಹಿಂದೆ ದಿನವೂ ನೋಡುತ್ತಿದ್ದ ಇನ್ನೊಂದು ಕಿವಿ ಕಣ್ಣಿಗೆ ಕಟ್ಟಿತು…

ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲಿಗೆ ತತ್ವಾರ, ಬಸ್ಸು ಬಂದರೆ ಬಂತು. ನನಗೆ ಆಗಷ್ಟೇ ಬ್ಲಾಕ್‌ಪಳ್ಳಿಯ, ಅಂದರೆ ಈಗಿನ ಶಿವಾಜಿನಗರದ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ಆಗ ನಮ್ಮ ಮನೆ ಹಲಸೂರಿನಲ್ಲಿ. ನಮ್ಮ ಬೀದಿಯಲ್ಲೇ ಇದ್ದ ನರ್ಸಮ್ಮ ಅಲ್ಲಿನ ಆಸ್ಪತ್ರೆಗೆ ಹೋಗುತ್ತಿದ್ದರು. ಇಬ್ಬರೂ ಸೇರಿ ಒಂದು ಜಟಕಾ ಗೊತ್ತು ಮಾಡಿಕೊಂಡೆವು. ಅದನ್ನು ಓಡಿಸುತ್ತಿದ್ದವರೇ ನಮ್ಮ ಜಟಕಾ ತಾತ. ಹೆಂಡತಿ ತೀರಿಕೊಂಡಿದ್ದರು, ಮಗಳು ಮದುವೆಯಾಗಿ ಕೆ.ಆರ್. ಪುರ ಸೇರಿದ್ದಳು. ತಾತನ ಸಂಸಾರವೆಂದರೆ ಆ ಕಂದು ಕುದುರೆಯೊಂದೇ.

ಹಲಸೂರು ಕೆರೆ ದಾಟಿದ ಮೇಲೆ ಏರು. ಅಲ್ಲಿ ತಾತ ಗಾಡಿಯಿಂದ ಇಳಿದು ಕುದುರೆಯ ಪಕ್ಕ ನಡೆಯುತ್ತಿದ್ದರು. ಭಾರ ಕಮ್ಮಿಯಾಗಲಿ ಎಂದು ಜಟಕಾದವರೆಲ್ಲ ಹಾಗೆಯೇ ಮಾಡುತ್ತಿದ್ದರು. ಆದರೆ ಸವಾರಿ, ಅಂದರೆ ಗಾಡಿಯಲ್ಲಿ ಕೂತ ಗಿರಾಕಿ, ಇಳಿಯಬಾರದು, ಅದು ಮರ್ಯಾದೆಯ ಪ್ರಶ್ನೆ. ತುದಿಯ ಹೊಂಗೆಮರ ಮುಟ್ಟುವ ಹೊತ್ತಿಗೆ ತಾತ ಬೆವತು, ಎದೆ ಒತ್ತಿಕೊಂಡು, ಎಡಗೈ ನೀವಿಕೊಳ್ಳುತ್ತಿದ್ದರು.

"ವಾಯು ಅಮ್ಮ, ಬೇರೇನಿಲ್ಲ. ಕೈ ಲಗಾಮು ಹಿಡಿದೂ ಹಿಡಿದೂ ಜೋಮು."

ಮರದ ಬುಡದ ಕಲ್ಲಿನ ಮೇಲೆ ಕೂತು ಬೀಡಿ ಹಚ್ಚುತ್ತಿದ್ದರು. ಅದು ಮುಗಿಯುವಷ್ಟರಲ್ಲಿ ನೋವು ಮಾಯ. "ನೋಡಿದ್ರಾ, ಇದೇ ನನ್ನ ಔಷಧಿ," ಎಂದು ನಗುತ್ತಿದ್ದರು. ನಾನೂ ನಂಬಿದ್ದೆ ಎಂದರೆ ಈಗ ನಗು ಬರುತ್ತದೆ. ಕಣ್ಣೆದುರೇ ನೋವು ಹೋಗುತ್ತಿತ್ತಲ್ಲ, ನಂಬದೆ ಏನು ಮಾಡಲಿ? ಕುದುರೆಯೂ ನಂಬಿತ್ತು. ಹೊಂಗೆಮರ ಬಂದರೆ ಯಾರೂ ಹೇಳದೆಯೇ ನಿಲ್ಲುತ್ತಿತ್ತು.

ನರ್ಸಮ್ಮ ನಂಬಲಿಲ್ಲ. ಒಂದು ದಿನ ತಾತನನ್ನು ಬಲವಂತವಾಗಿ ತಮ್ಮ ಡಾಕ್ಟರ ಮುಂದೆ ಕೂರಿಸಿದರು. ಅದು ವಾಯುವಲ್ಲ, ಹೃದಯದ ನೋವು ಎಂದರು ಡಾಕ್ಟರು. ಏರು ಹತ್ತುವಾಗ ಹೃದಯ ಹೆಚ್ಚು ರಕ್ತ ಕೇಳುತ್ತದೆ, ಹೊಗೆ ಆ ರಕ್ತದ ದಾರಿಯನ್ನೇ ಬಿಗಿ ಮಾಡುತ್ತದೆ, ಬೀಡಿ ಬಿಡದಿದ್ದರೆ ಯಾವುದಾದರೂ ಒಂದು ಏರಿನಲ್ಲೇ ಮುಗಿಯುತ್ತದೆ ಎಂದೂ ಹೇಳಿದರಂತೆ. ತಾತ ಒಪ್ಪಲಿಲ್ಲ.

"ಬೀಡಿ ಬಿಟ್ರೆ ನೋವು ಬಂದಾಗ ನಾನು ಸತ್ತೇ ಹೋಗ್ತೀನಿ. ಆಮೇಲೆ ಇದನ್ನ ಯಾರು ನೋಡ್ಕೋತಾರೆ?" ಎಂದು ಕುದುರೆಯ ಕತ್ತು ಸವರಿದರು.

ಮರುದಿನ ಹೊಂಗೆಮರದ ಕೆಳಗೆ ತಾತ ಎದೆ ಹಿಡಿದುಕೊಂಡು ಕೂತರು. ಬೀಡಿ ತುಟಿಗೆ ಹೋಯಿತು. ನರ್ಸಮ್ಮ ಇಳಿದು ಬಂದು ಬೆಂಕಿಪೊಟ್ಟಣ ಕಿತ್ತುಕೊಂಡರು.

"ತಾತ, ಇವತ್ತು ಹಚ್ಬೇಡಿ. ಸುಮ್ನೆ ಕೂತ್ಕೊಳ್ಳಿ. ನಾನು ಇಲ್ಲೇ ಇದೀನಿ."

ತಾತನ ಮುಖ ಬೂದಿಯ ಬಣ್ಣ. ನರ್ಸಮ್ಮ ನಾಡಿ ಹಿಡಿದು ನಿಂತಿದ್ದರು. ಕುದುರೆ ಬಾಲ ಬೀಸುತ್ತಿತ್ತು… ಎಷ್ಟು ಹೊತ್ತೋ. ಕೊನೆಗೆ ತಾತ ಎದೆಯ ಮೇಲಿನ ಕೈ ತೆಗೆದು, ಬೀಡಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಹೋಯ್ತು," ಎಂದರು ಮೆಲ್ಲಗೆ. "ಹಚ್ಚದೇನೇ ಹೋಯ್ತಲ್ಲಮ್ಮ."

"ಹೋಗಿದ್ದು ಬೀಡಿಯಿಂದಲ್ಲ ತಾತ, ಕೂತಿದ್ದಕ್ಕೆ," ಎಂದರು ನರ್ಸಮ್ಮ. ನಾನು ಅತ್ತುಬಿಟ್ಟೆ. ಅಂಥ ನಿರಾಳದ ಅಳು ಆಮೇಲೆ ನನಗೆ ಬಂದದ್ದು ಕಮ್ಮಿ.

ತಾತ ಆ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡರು. ಅಂದಿನಿಂದ ದಿನವೂ ಹಚ್ಚದ ಬೀಡಿಯೊಂದು ಅಲ್ಲಿ ಇದ್ದೇ ಇರುತ್ತಿತ್ತು. ಬಿಟ್ಟದ್ದು ಸುಲಭಕ್ಕಲ್ಲ. ಸಿಡುಕಿದರು, ದಾರಿಯಲ್ಲಿ ಹೋಗುವವರ ಮೇಲೆಲ್ಲ ರೇಗಿದರು, ಜೇಬಿನ ತುಂಬ ಹುರಿಗಡಲೆ ಇಟ್ಟುಕೊಂಡು ಕುದುರೆಗೂ ಕೊಟ್ಟು ತಾವೂ ತಿಂದರು. ಏರು ಬಂದರೆ ತಾತ ಗಾಡಿಯಲ್ಲಿ ಕೂರಬೇಕು, ನಾವಿಬ್ಬರೂ ಇಳಿದು ನಡೆಯಬೇಕು, ಇದು ನರ್ಸಮ್ಮನ ಕಾನೂನು. "ಸವಾರಿ ನಡೀತಾ ಇದೆ, ಗಾಡಿಯವನು ನವಾಬನ ಥರ ಕೂತಿದಾನೆ. ಜನ ನಗ್ತಾರಮ್ಮ," ಎಂದು ತಾತ ತಲೆ ತಗ್ಗಿಸುತ್ತಿದ್ದರು. ಜನ ನಗುತ್ತಲೂ ಇದ್ದರು, ನಾವೂ ನಗುತ್ತಿದ್ದೆವು. ಕೆಲವು ತಿಂಗಳಲ್ಲಿ ನೋವು ಅಪರೂಪವಾಯಿತು, ಮುಖಕ್ಕೆ ಬಣ್ಣ ಬಂತು. ಕುದುರೆ ಮಾತ್ರ ಹೊಂಗೆಮರದ ಕೆಳಗೆ ನಿಲ್ಲುವುದನ್ನು ಬಿಡಲಿಲ್ಲ.

ಯುದ್ಧ ಮುಗಿದ ಮೇಲೆ ಒಂದು ಬೇಸಿಗೆಯಲ್ಲಿ ಕುದುರೆಯೇ ಮೊದಲು ಹೋಯಿತು. ಅದನ್ನು ಮಣ್ಣು ಮಾಡಿ ತಾತ ನೇರ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂತರು. ಆಮೇಲೆ ಕೈ ಕಿವಿಗೆ ಹೋಯಿತು, ಬೀಡಿ ಕೈಗೆ ಬಂತು. ಇವತ್ತು ಹಚ್ಚಿಯೇ ಬಿಡುತ್ತಾರೆ, ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ ಅಂದುಕೊಂಡೆ.

ಅವರು ಅದನ್ನು ಮತ್ತೆ ಕಿವಿಗೆ ಸಿಕ್ಕಿಸಿದರು. "ಟೀಚರಮ್ಮ, ಕಾಪಿ ಇದ್ರೆ ಒಂದು ಲೋಟ ಕೊಡಿ," ಎಂದರು.

ಆಮೇಲೆ ಮಗಳ ಮನೆಗೆ ಹೋದರು. ಮೊಮ್ಮಕ್ಕಳ ಮದುವೆಯನ್ನೂ ನೋಡಿ, ಮುಪ್ಪಾಗಿ ತೀರಿಕೊಂಡರಂತೆ. ನನಗೆ ಸುದ್ದಿ ಮುಟ್ಟಿದ್ದು ಬಹಳ ತಡವಾಗಿ. ನರ್ಸಮ್ಮನೂ ಈಗಿಲ್ಲ. ಆ ಏರಿನ ಸುದ್ದಿ ಆಡಲು ನನ್ನ ಜೊತೆಗೆ ಯಾರೂ ಉಳಿದಿಲ್ಲ…

ಮೊನ್ನೆ ಆಟೋ ಕಣ್ಣು ಮಿಟುಕಿಸುವಷ್ಟರಲ್ಲಿ ಅದೇ ಏರು ಹತ್ತಿತು. ಹೊಂಗೆಮರವಿದ್ದ ಕಡೆ ಈಗ ಸಿಗ್ನಲ್. ಆಟೋ ನಿಂತಿತು. ಡ್ರೈವರನ ಕೈ ಕಿವಿಗೆ ಹೋಯಿತು.

"ಅದು ಅಲ್ಲೇ ಚೆನ್ನಾಗಿದೆ, ಇರ್ಲಿ ಬಿಡಪ್ಪ," ಎಂದೆ.

ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ, ನಕ್ಕು, ಕೈ ಇಳಿಸಿದ.