ಡಿಸ್ಕಿಗೆ ಹಚ್ಚಿದ ಕುಂಕುಮ

ನಾನು ಪುಕ್ಕಲು ಮನುಷ್ಯ. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದೇ ಕೂರುತ್ತೇನೆ. ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ ರಸ್ತೆ ದಾಟಬೇಕೆಂದರೆ ಯಾರಾದರೂ ಧೈರ್ಯಸ್ಥ ಹೆಂಗಸರು ಬರಲಿ ಎಂದು ಕಾದು, ಅವರ ಮರೆಯಲ್ಲಿ ದಾಟುತ್ತೇನೆ. ಇಂಥವನ ಹೆಂಡತಿ ಐವತ್ತರ ಹತ್ತಿರ ಬಂದ ಮೇಲೆ ಸೈಕಲ್ ಕಲಿತಳು. ಅದೂ ಸಾದಾ ಸೈಕಲ್ ಅಲ್ಲ, ದಪ್ಪ ಗಾಲಿಯ, ಗುಡ್ಡ ಹತ್ತಿ ಇಳಿಯುವ ಸೈಕಲ್.

ನಾವು ಬಾಗಲಕೋಟೆ ಕಡೆಯವರು. ನನ್ನ ನೌಕರಿಗಾಗಿ ಹೈದರಾಬಾದಿಗೆ ಬಂದು ಕುಷಾಯಿಗೂಡದಲ್ಲಿ ನೆಲೆ ನಿಂತೆವು. ಹೊರಗೆ ತೆಲುಗು, ಹೊಸ್ತಿಲು ದಾಟಿ ಒಳಗೆ ಬಂದರೆ ನಮ್ಮ ಕನ್ನಡ. ಹೆಂಡತಿ ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ. ಅಳತೆ ಕೊಡಲು ಬಂದ ಒಬ್ಬ ಹೆಂಗಸು ಭಾನುವಾರದ ಸೈಕಲ್ ಗುಂಪಿಗೆ ಇವಳನ್ನು ಎಳೆದುಕೊಂಡು ಹೋದಳು. ಮುಂದೆ ಊರು ಬಿಟ್ಟು ಹೋಗುವಾಗ ತನ್ನ ಹಳೆಯ ಸೈಕಲ್ಲನ್ನೂ ಇವಳಿಗೇ ಕೊಟ್ಟಳು. ಅಂದಿನಿಂದ ನನ್ನ ಭಾನುವಾರ ಹಾಳಾಯಿತು. ಇವಳು ಗೇಟು ದಾಟುವುದೇ ತಡ, ನಾನು ಫೋನು ಹಿಡಿಯುತ್ತಿದ್ದೆ. ಎಲ್ಲಿದ್ದೀ, ನೀರು ಕುಡಿದೆಯಾ, ಲಾರಿಗಳು ಬಹಳ ಇವೆಯಾ ಎಂದು ಕೇಳುತ್ತಿದ್ದೆ. ಪಾಪ, ಪ್ರತಿ ಸಲವೂ ಸೈಕಲ್ ನಿಲ್ಲಿಸಿ ಉತ್ತರ ಕೊಡುತ್ತಿದ್ದಳು.

ಆ ವರ್ಷ ದಸರೆ ಮುಗಿದ ಮೇಲೆ ಗುಂಪಿನವರು ವಿಕಾರಾಬಾದ್ ಕಡೆಯ ಗುಡ್ಡಕ್ಕೆ ಹೋಗುವುದೆಂದು ಹಬ್ಬಕ್ಕೆ ಮುಂಚೆಯೇ ಗೊತ್ತಾಯಿತು. ಹತ್ತುವುದರ ಬಗ್ಗೆ ನನ್ನ ತಕರಾರು ಇರಲಿಲ್ಲ. ಸುಸ್ತಾದರೆ ಇಳಿದು ತಳ್ಳಿಕೊಂಡು ಹೋಗಬಹುದು. ನನ್ನ ಭಯವೆಲ್ಲ ಇಳಿಯುವ ದಾರಿಯದು. ಅವಳಿಗೆ ಬೇಕಾಗಿದ್ದದ್ದು ಅದೇ ಇಳಿಜಾರು.

"ಸಣ್ಣಾಕಿ ಇದ್ದಾಗ ಅಣ್ಣನ ಕ್ಯಾರಿಯರ್ ಮ್ಯಾಲ ಕುಂತು ಇಳದದ್ದಷ್ಟ ಬಂತು" ಎಂದಳು. "ಒಮ್ಮೆ ನಾನ ಹ್ಯಾಂಡಲ್ ಹಿಡದು ಇಳೀಬೇಕ್ರಿ."

ನಾನು ಬೇಡ ಎನ್ನಲಿಲ್ಲ. ಆದರೆ ನನ್ನ ಮುಖಕ್ಕೆ ಸುಳ್ಳು ಹೇಳಲು ಬರುವುದಿಲ್ಲ.

"ಈ ಮುಖಾ ನೋಡಿ ನಾ ಹೋಗಂಗಿಲ್ಲ" ಎಂದಳು. "ಗುಡ್ಡ ಇಳಿಯೂ ಮುಂದ ಈ ಮುಖಾನ ಕಣ್ಮುಂದ ಬಂತಂದ್ರ ಬ್ರೇಕ್ ಹಿಡಿಯೋದ ಮರತೀನಿ. ನಿಮಗ ಧೈರ್ಯ ಬಂದ್ರ ಹೋಗ್ತೀನಿ, ಇಲ್ಲಂದ್ರ ಬಿಡ್ತೀನಿ."

ಅವಳು ಬಿಡುತ್ತೇನೆ ಎಂದರೆ ನಿಜವಾಗಿಯೂ ಬಿಡುವವಳು. ಹಾಗೆ ಬಿಟ್ಟ ಮೇಲೆ ಆ ಮಾತನ್ನು ಮತ್ತೆ ಎತ್ತುವವಳೂ ಅಲ್ಲ. ನನಗೆ ಭಯವಾದದ್ದು ಇದಕ್ಕೂ ಹೌದು.

ಈ ನಡುವೆ ಖಂಡೇ ನವಮಿ ಬಂತು. ನಮ್ಮಲ್ಲಿ ಅವತ್ತು ದುಡಿಯುವ ಸಾಮಾನಿಗೆಲ್ಲ ಪೂಜೆ. ನಮ್ಮ ಜೊತೆಗೇ ಇರುವ ನನ್ನ ಅವ್ವ ಹೊಲಿಗೆ ಮಷೀನಿಗೆ, ಕತ್ತರಿಗೆ, ಈಳಿಗೆಗೆ, ನನ್ನ ಸ್ಕೂಟರಿಗೆ ಕುಂಕುಮ ಹಚ್ಚುತ್ತ ಸೈಕಲ್ಲಿನ ಹತ್ತಿರ ಬಂದಳು. ಕಬ್ಬಿಣಕ್ಕೆ ಒಣ ಕುಂಕುಮ ನಿಲ್ಲುವುದಿಲ್ಲವಾದ್ದರಿಂದ ಎಣ್ಣೆಯಲ್ಲಿ ಕಲಸಿಕೊಂಡಿದ್ದಳು. ಹಿಂದಿನ ಗಾಲಿಯ ನಡುವೆ ಒಂದು ತಟ್ಟೆ ಇರುತ್ತದೆ, ಅದಕ್ಕೆ ಡಿಸ್ಕ್ ಎನ್ನುತ್ತಾರೆ. ಬ್ರೇಕು ಅದನ್ನೇ ಹಿಡಿದು ಗಾಲಿ ನಿಲ್ಲಿಸುವುದು. ಬೆಳ್ಳಿ ತಟ್ಟೆಯ ಹಾಗೆ ಹೊಳೆಯುವ ಅದನ್ನು ಕಂಡ ಅವ್ವ ಬೇರೆ ಜಾಗ ಹುಡುಕಲಿಲ್ಲ. ಸುತ್ತಲೂ ಭಕ್ತಿಯಿಂದ ಬೊಟ್ಟುಗಳನ್ನಿಟ್ಟಳು.

ಮರುದಿನ ಹೆಂಡತಿ ಸೈಕಲ್ ಹತ್ತಿ ಓಣಿಯ ಕೊನೆಯಲ್ಲಿ ಹಿಂದಿನ ಬ್ರೇಕ್ ಒತ್ತಿದಳು. ಅದು ಚೀರಿದ ಸದ್ದಿಗೆ ನಾಯಿಗಳೆಲ್ಲ ಎದ್ದು ನಿಂತವು. ಚೀರಿತೇ ಹೊರತು ಹಿಡಿಯಲಿಲ್ಲ. ಕಾಲು ಊರಿ ಹೇಗೋ ನಿಲ್ಲಿಸಿ ತಳ್ಳಿಕೊಂಡು ಬಂದಳು.

ನಾನು ಅವ್ವನ ಮೇಲೆ ಎಗರಿದೆ. ಬ್ರೇಕಿಗೆ ಯಾರಾದರೂ ಎಣ್ಣೆ ಹಚ್ಚುತ್ತಾರೆಯೇ ಎಂದೆ.

"ಗಾಡಿಗೆ ಹಚ್ಚೂದಂದ್ರ ಗಾಲಿಗೆ ಹಚ್ಚದ ಮತ್ತೆಲ್ಲಿ ಹಚ್ಚತಾರೋ?" ಎಂದಳು ಅವ್ವ. ಅವಳ ದನಿ ಸಣ್ಣಗಾಗಿತ್ತು. ಆಮೇಲೆ ಒಳಗೆ ಹೋಗಿ ಕೂತವಳು ಚಹಾಕ್ಕೂ ಬರಲಿಲ್ಲ.

ಹೆಂಡತಿ ಬಾಲ್ಕನಿಯಲ್ಲಿ ಹಳೆಯ ಪೇಪರ್ ಹಾಸಿ, ಸೈಕಲ್ ನಿಲ್ಲಿಸಿ, ಬಿಚ್ಚತೊಡಗಿದಳು. ಗೊತ್ತಿಲ್ಲದ ಕಟ್ಟಿಂಗಿನ ಬ್ಲೌಸು ಬಂದರೆ ಅವಳದೊಂದು ಕ್ರಮವಿದೆ. ಹಳೆಯದನ್ನು ಹೊಲಿಗೆ ಬಿಚ್ಚಿ, ಒಂದೊಂದು ತುಂಡನ್ನೂ ಬಿಚ್ಚಿದ ಸಾಲಿನಲ್ಲೇ ಇಡುತ್ತಾಳೆ. ಕೊನೆಗೆ ಬಿಚ್ಚಿದ್ದನ್ನು ಮೊದಲು ಜೋಡಿಸುತ್ತಾಳೆ. ಅದೇ ಕ್ರಮದಲ್ಲಿ ಸ್ಕ್ರೂಗಳು, ವಾಷರುಗಳು ಪೇಪರಿನ ಮೇಲೆ ಸಾಲಾಗಿ ಕೂತವು. ಬ್ರೇಕಿನ ವಿಡಿಯೋ ಅವಳು ಮೊದಲೇ ಎಷ್ಟೋ ಸಲ ನೋಡಿದ್ದಳು. ನನಗೂ ತಿಳಿಯುವಂತೆ ಹೇಳಿದಳು: ಹ್ಯಾಂಡಲಿನ ಲಿವರ್ ಒತ್ತಿದರೆ ಪೈಪಿನೊಳಗಿನ ಎಣ್ಣೆ ಗಾಲಿಯ ಹತ್ತಿರದ ಕ್ಯಾಲಿಪರಿಗೆ ನುಗ್ಗುತ್ತದೆ. ಅಲ್ಲಿ ಎರಡು ಬಿಲ್ಲೆಗಳಿವೆ. ಅವು ಎರಡು ಪ್ಯಾಡುಗಳನ್ನು ತಳ್ಳಿ ಡಿಸ್ಕನ್ನು ಹಿಂಡುತ್ತವೆ. ಒಳಗಿನ ಎಣ್ಣೆ ಒಳಗೇ ಇರಬೇಕು, ಪ್ಯಾಡಿಗೆ ಒಂದು ಹನಿಯೂ ತಾಗಬಾರದು.

ಎಣ್ಣೆ ಕುಡಿದ ಪ್ಯಾಡು ಕೆಟ್ಟಿತ್ತು, ಹೊಸದು ಹಾಕಬೇಕು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಅವಳು ಬಿಳಿ ಲೈನಿಂಗ್ ಬಟ್ಟೆಯ ಚೂರೊಂದನ್ನು ತಂದು ಕ್ಯಾಲಿಪರಿನ ಸಂದಿಗೆ ತೂರಿಸಿ, ಹೊರಗೆಳೆದು, ಬೆಳಕಿಗೆ ಹಿಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಒಳಗೆ ಕೂತ ಅವ್ವನನ್ನು ಕರೆದಳು.

"ಅತ್ತಿ, ಇಲ್ನೋಡ್ರಿ. ಬಟ್ಟಿ ಒದ್ದಿ ಆಗೈತಿ, ಆದ್ರ ಕೆಂಪಗಾಗಿಲ್ಲ. ನಿಮ್ಮ ಕುಂಕುಮಾ ಇಷ್ಟ ಒಳಗ ಹೋಗಿಲ್ರಿ. ಇದು ಬ್ರೇಕಿನ ಒಳಗಿನ ಎಣ್ಣಿ, ಸೋರಾಕತ್ತೈತಿ. ನೀವು ಹಚ್ಚಿದ್ದಕ್ಕ ಇದು ಇವತ್ತ ಚೀರತು, ನಾ ಬಿಚ್ಚಿ ನೋಡಿದೆ. ಇಲ್ಲಂದ್ರ ಗುಡ್ಡದ ಮ್ಯಾಲ ಗೊತ್ತಾಗತಿತ್ತು."

ಅವ್ವ ಆ ಬಟ್ಟೆಯ ಚೂರನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಆ ನೋಟವೇ ಸಾಕಾಯಿತು. ನಾನೇ ಎದ್ದು ಹೋಗಿ ಚಹಾಕ್ಕಿಟ್ಟೆ.

ಸೋರುವ ಕ್ಯಾಲಿಪರಿಗೆ ಬದಲು ಹೊಸದು, ಪ್ಯಾಡು, ಬ್ರೇಕಿನ ಎಣ್ಣೆ ಎಲ್ಲ ಸೈಕಲ್ ಅಂಗಡಿಯಿಂದ ಬಂದವು. ಎಣ್ಣೆ ತುಂಬಲು ದೊಡ್ಡ ಸಿರಿಂಜು ಬೇಕಿತ್ತು. ಲೈನಿಂಗ್ ಬಟ್ಟೆಗೆಂದು ಇಬ್ಬರೂ ಕೋಠಿ ಪೇಟೆಗೆ ಹೋದಾಗ ಅಲ್ಲೇ ಔಷಧಿ ಅಂಗಡಿಯಲ್ಲಿ ಕೇಳಿದಳು. ಅಂಗಡಿಯವನು ಮರುಕದಿಂದ "ಎವರಿಕಮ್ಮಾ?" ಎಂದು, ಯಾರಿಗಾಗಿ ಎಂದು ವಿಚಾರಿಸಿದ. ಇವಳು "ಸೈಕಲ್‌ಕಿ" ಎಂದಳು. ಆತ ಸಿರಿಂಜು ಕೊಟ್ಟ ಮೇಲೂ ನನ್ನ ಕಡೆ ನೋಡುತ್ತಲೇ ಇದ್ದ. ಗಂಡನಾದವನು ಏನಾದರೂ ಹೇಳಿಯಾನು ಎಂದು ಕಾದಿರಬೇಕು. ನಾನು ಹೆಮ್ಮೆಯಿಂದ ತಲೆಯಾಡಿಸಿದೆ.

ಜೋಡಿಸುವ ದಿನ ಬೆಳಗ್ಗೆ ಅವಳು ಮೊದಲು ಮಾಡಿದ ಕೆಲಸವೆಂದರೆ ಹೊಸ ಪ್ಯಾಡುಗಳನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಮುಚ್ಚಿ, ದೇವರ ಗೂಡಿನ ಹತ್ತಿರ ಇಟ್ಟದ್ದು. ಎಣ್ಣೆಯ ಕೆಲಸ ಮುಗಿಯುವ ತನಕ ಅವು ಬಾಲ್ಕನಿಗೆ ಬರುವ ಹಾಗಿಲ್ಲ. ಹಳೆಯ ಕ್ಯಾಲಿಪರ್ ಬಿಚ್ಚಿ, ಪೈಪನ್ನು ಹೊಸದಕ್ಕೆ ಕೂರಿಸಿದಳು. ಸ್ಕ್ರೂಗಳನ್ನು ಮೊದಲು ಬೆರಳಲ್ಲೇ ತಿರುಗಿಸಿ, ಸೊಟ್ಟಗೆ ಕೂತಿಲ್ಲವೆಂದು ಗೊತ್ತಾದ ಮೇಲಷ್ಟೇ ಬಿಗಿಯುವ ಪಾನಾ ಮುಟ್ಟಿದಳು. ಆಮೇಲೆ ಅವಳು ಕೆಳಗಿನಿಂದ ಸಿರಿಂಜಿನಲ್ಲಿ ಎಣ್ಣೆ ಏರಿಸುವುದು, ನಾನು ಮೇಲೆ ಲಿವರ್ ಹಿಡಿಯುವುದು. ಪೈಪಿನಲ್ಲಿ ಗಾಳಿ ಉಳಿದರೆ ಬ್ರೇಕ್ ಹಿಡಿಯುವುದಿಲ್ಲವಂತೆ.

"ಒತ್ರಿ. ಬಿಡ್ರಿ. ಸಾವಕಾಶ. ಬಸ್ಸಿನ ಕಂಬಿ ಅಲ್ರಿ ಅದು."

ಲಿವರಿನ ಮೇಲೆ ಕೂರಿಸಿದ ಪುಟ್ಟ ಬಟ್ಟಲಿನಲ್ಲಿ ಗುಳ್ಳೆಗಳು ಎದ್ದವು. ನಿಂತವು. ಎಲ್ಲ ಮುಚ್ಚಿ ಒತ್ತಿ ನೋಡಿದರೆ ಲಿವರ್ ಕಳಿತ ಬಾಳೆಹಣ್ಣಿನಂತೆ ಮೆತ್ತಗೆ ಒಳಗೆ ಹೋಯಿತು. ಅಂಗಡಿಗೆ ಒಯ್ದುಬಿಡೋಣ ಎಂದೆ.

"ಹೊಲಿಗಿ ಸೊಟ್ಟಾದ್ರ ಅಂಗಡಿಗೆ ಒಯ್ತೀನೇನು? ಬಿಚ್ಚಿ ಮತ್ತ ಹಾಕ್ತೀನಿ."

ಮುಖದಲ್ಲಿ ಬೇಸರದ ಗೆರೆಯೂ ಇರಲಿಲ್ಲ. ಮತ್ತೆ ಬಟ್ಟಲು ಕೂರಿಸಿ, ಸೈಕಲ್ಲನ್ನು ಗೋಡೆಗೆ ಆನಿಸಿ ಮುಂದಿನ ಗಾಲಿ ಎತ್ತರಕ್ಕೆ ನಿಲ್ಲಿಸಿದಳು. ಕತ್ತರಿಯ ಹಿಡಿಯಿಂದ ಪೈಪಿನುದ್ದಕ್ಕೂ ಮೆಲ್ಲಗೆ ತಟ್ಟುತ್ತ ಬಂದಳು. ಎಲ್ಲೋ ಅಡಗಿದ್ದ ದಪ್ಪ ಗುಳ್ಳೆಯೊಂದು ಬುಳಕ್ಕೆಂದು ಮೇಲೆ ಬಂತು. ಈಗ ಲಿವರ್ ಬೆರಳಿಗೆ ಗಟ್ಟಿಯಾಗಿ ಸಿಕ್ಕಿತು. ಆ ಕೈಗಳಿಗೆ ನಮಸ್ಕಾರ ಮಾಡಬೇಕೆನಿಸಿತು. ಇಷ್ಟು ವರ್ಷ ಜೊತೆಗೆ ಬಾಳಿ, ಅವು ಇಷ್ಟು ತಾಳ್ಮೆಯ ಕೈಗಳೆಂದು ಹತ್ತಿರದಿಂದ ನೋಡಿದ್ದು ಅವತ್ತೇ. ಅವಳು ಸೋಪು ಹಚ್ಚಿ ಕೈ ತೊಳೆದು, ಡಿಸ್ಕನ್ನು ಸ್ಪಿರಿಟ್ಟಿನಿಂದ ಒರೆಸಿ, ಡಬ್ಬಿಯಿಂದ ಪ್ಯಾಡು ತೆಗೆದು ಹಾಕಿದಳು.

ಹೊಸ ಪ್ಯಾಡು ಪಳಗಲೆಂದು ಓಣಿಯಲ್ಲಿ ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿದಳು. ಆಮೇಲೆ ನಮ್ಮ ಕಾಲೊನಿಯ ಹಿಂದೆ ಬಂಡೆಯ ಪಕ್ಕದ ಇಳಿಜಾರಿಗೆ ಹೋದೆವು. ಕೆಳಗೆ ರಸ್ತೆಗೆ ಅಡ್ಡಲಾಗಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೆರೆ ಎಳೆದು, "ಇಲ್ಲಿ ನಿಲ್ಲಸ್ತೀನಿ, ಬಾಜೂಕ ನಿಂತು ನೋಡ್ರಿ" ಎಂದು ಮೇಲಕ್ಕೆ ಹೋದಳು.

ನಾನು ಬದಿಗೆ ನಿಂತೆ. ಅವಳು ಮೇಲೆ ಹೆಲ್ಮೆಟ್ ಬಿಗಿಯುತ್ತಿದ್ದಳು. ಏನನ್ನಿಸಿತೋ, ನಾಲ್ಕು ಹೆಜ್ಜೆ ನಡೆದು ಗೆರೆಯ ಹಿಂದೆ ರಸ್ತೆಯ ನಟ್ಟನಡುವೆ ನಿಂತೆ.

"ಬಾಜೂಕ ಸರೀರಿ!" ಎಂದು ಅರ್ಧ ದಾರಿಯಲ್ಲಿ ಕೂಗಿದಳು. ಸರಿಯಲಿಲ್ಲ. ಹಿಡಿದುಕೊಳ್ಳಲು ಒಂದು ಕಂಬಿ ಇದ್ದಿದ್ದರೆ ಎನಿಸಿತು, ಸುಳ್ಳೇಕೆ ಹೇಳಲಿ. ಆದರೆ ಕಣ್ಣು ಮುಚ್ಚಲಿಲ್ಲ. ಸೈಕಲ್ ಸದ್ದಿಲ್ಲದೆ ಬಂದು, ಸದ್ದಿಲ್ಲದೆ ಗೆರೆ ದಾಟದೆ ನಿಂತಿತು.

"ಹುಚ್ಚು ಹಿಡದೈತೇನ್ರಿ ನಿಮಗ? ಹಿಡೀಲಿಲ್ಲಂದ್ರ ಏನ್ ಮಾಡತಿದ್ರಿ?"

"ಹಿಡೀತೈತಂತ ಗೊತ್ತಿತ್ತು" ಎಂದೆ.

ಬೈಯುವುದನ್ನು ಬಿಟ್ಟು ನನ್ನ ಮುಖವನ್ನೇ ನೋಡಿದಳು. ಆಮೇಲೆ ತಾನು ಇಳಿದು, ನನ್ನ ಜೊತೆ ಸೈಕಲ್ ತಳ್ಳಿಕೊಂಡು ಮನೆಗೆ ಬಂದಳು.

ಭಾನುವಾರ ಅವಳು ಗುಡ್ಡಕ್ಕೆ ಹೊರಟಳು. ಅವ್ವ ಕುಂಕುಮದ ಬಟ್ಟಲು ಹಿಡಿದು "ಎಲ್ಲಿ ಹಚ್ಚಲವ್ವಾ?" ಎಂದು ಕೇಳಿ, ಇವಳು ತೋರಿಸಿದಂತೆ ಹ್ಯಾಂಡಲಿಗೆ ಹಚ್ಚಿದಳು. ನಾನು ಗೇಟು ಹಾಕಿಕೊಂಡು ಒಳಗೆ ಬಂದು, ಪೇಪರ್ ಓದುತ್ತ ಕುರ್ಚಿಗೆ ಒರಗಿದೆ.

ಫೋನಿನ ಸದ್ದಿಗೇ ಎಚ್ಚರವಾದದ್ದು. ಅವಳು ಇಳಿದು ಬಂದು ಗುಡ್ಡದ ಬುಡದಲ್ಲಿದ್ದಳು. ಸುತ್ತ ಹೆಂಗಸರ ನಗು ಕೇಳುತ್ತಿತ್ತು, ಇವಳ ದನಿಯಲ್ಲಿ ಮಾತ್ರ ಗಾಬರಿ.

"ಯಾಕ್ರೀ, ಒಂದ್ ಫೋನೂ ಮಾಡಿಲ್ಲ? ಆರಾಮ ಅದೀರಿಲ್ಲೋ?"

"ನಿದ್ದಿ ಹತ್ತಿತ್ತು" ಎಂದೆ.

ಅವಳು ಸುತ್ತ ನಗುತ್ತಿದ್ದವರನ್ನು ಸುಮ್ಮನಾಗಿಸಿದಳು.

"ನಿದ್ದಿ?" ಎಂದಳು. "ನಾ ಗುಡ್ಡ ಇಳಿಯೂ ಮುಂದ ನಿಮಗ ನಿದ್ದಿ ಹತ್ತಿತ್ತ?" ಹಾಗೆ ಕೇಳಿದವಳು ಗುಂಪಿನವರಿಗೆಲ್ಲ ಕೇಳುವಂತೆ ನಗತೊಡಗಿದಳು.